ಕಾರ್ಸಿಕಾದ ಪಶ್ಚಿಮ ಕಡಲತಡಿ ಮತ್ತು ಅಲ್ಲಿನ ಜೀವಲೋಕ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರ ಯಾವ ಪ್ರದೇಶವನ್ನು ಕುರಿತದ್ದು?

ಮೆಡಿಟರೇನಿಯನ್ ಸಮುದ್ರದ ವಾಯವ್ಯ ಭಾಗದಲ್ಲಿ, ಇಟಲಿಯ ಪಶ್ಚಿಮಕ್ಕೆ ಮತ್ತು ಸಾರ್ಡೀನಿಯಾದ ಉತ್ತರಕ್ಕೆ ಇರುವ ಕಾರ್ಸಿಕಾ, ಫ್ರಾನ್ಸ್ ದೇಶಕ್ಕೆ ಸೇರಿದ ದ್ವೀಪ. ಉದ್ದ ಸುಮಾರು 183 ಕಿ.ಮೀ., ಅಗಲ 83 ಕಿ.ಮೀ. ಇದರ ಪಶ್ಚಿಮ ದಂಡೆಯಲ್ಲಿರುವ ಪೋರ್ತೊ ಕೊಲ್ಲಿ, ಪಿಯಾನಾದ ಕೆಂಪು ಕಲ್ಲಿನ ಕಡಿದಾದ ಬಂಡೆಗಳು, ಗಿರೊಲಾಟಾ ಕೊಲ್ಲಿ ಮತ್ತು ಸ್ಕಂದೋಲಾ ಮೀಸಲು ಪ್ರದೇಶ, ಇವಿಷ್ಟನ್ನೂ ಸೇರಿಸಿ ಯುನೆಸ್ಕೊ 1983ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಸ್ಕಂದೋಲಾ ಮೀಸಲು ಪ್ರದೇಶ ಸ್ಥಾಪನೆಯಾದದ್ದು 1975ರಲ್ಲಿ. ಸುಮಾರು 900 ಹೆಕ್ಟೇರ್ ನೆಲ ಹಾಗೂ 1,000 ಹೆಕ್ಟೇರ್ ಸಮುದ್ರ ಅದರ ವ್ಯಾಪ್ತಿಯಲ್ಲಿವೆ. ನೆಲವನ್ನೂ ಕಡಲನ್ನೂ ಒಟ್ಟಿಗೆ ಕಾಯಬೇಕೆಂಬ ಉದ್ದೇಶದಿಂದ ಫ್ರಾನ್ಸಿನಲ್ಲಿ ರೂಪುಗೊಂಡ ಮೊದಲ ಮೀಸಲು ಪ್ರದೇಶವಿದು. ಮೆಡಿಟರೇನಿಯನ್ ಎಂದೊಡನೆ ಹೋಟೆಲುಗಳ ಸಾಲು ಮತ್ತು ಬಿಸಿಲು ಕಾಯುವ ಜನಜಂಗುಳಿ ನೆನಪಾಗುವವರಿಗೆ ಈ ತೀರ ಬೇರೆಯೇ ಲೋಕವಾಗಿ ಕಾಣುತ್ತದೆ.

ಜನಸಾಂದ್ರವಾದ ಯುರೋಪಿನಲ್ಲಿ ಇಂಥ ತೀರ ಕಾಡಾಗಿ ಉಳಿದದ್ದು ಹೇಗೆ?

ಮನುಷ್ಯನ ಕೈ ಸೋಕದ ನೆಲ ಇದೆಂದು ಪ್ರವಾಸಿ ಕೈಪಿಡಿಗಳು ಬಣ್ಣಿಸುವುದುಂಟು, ಅದು ನಿಜವಲ್ಲ. ಇಲ್ಲಿ ಶತಮಾನಗಳ ಕಾಲ ಕುರಿಗಾಹಿಗಳೂ ರೈತರೂ ಇದ್ದರು. ದ್ವೀಪದ ನಡುವಿನ ನಿಯೋಲು ಕಣಿವೆಯ ಕುರುಬರು ಬೆಟ್ಟದಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಮಂದೆಯನ್ನು ಇಳಿಸಿಕೊಂಡು ಗಲೇರಿಯಾ ಸುತ್ತಲಿನ ತೀರಕ್ಕೆ ಬರುತ್ತಿದ್ದರು, ಬೇಸಿಗೆಗೆ ಮರಳುತ್ತಿದ್ದರು. ಆದರೆ ಖಾಯಂ ಊರು ಕಟ್ಟುವುದಕ್ಕೆ ಕಡಲತಡಿ ಎಂದೂ ಸುರಕ್ಷಿತವಾಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದಿಂದ ಬರುತ್ತಿದ್ದ ಕಡಲ್ಗಳ್ಳರು ಜನರನ್ನು ಗುಲಾಮರನ್ನಾಗಿ ಹಿಡಿದೊಯ್ಯುತ್ತಿದ್ದುದರಿಂದ ಹಳ್ಳಿಗಳು ಬೆಟ್ಟದ ಮೇಲಕ್ಕೆ ಸರಿದವು. ಆಗ ದ್ವೀಪವನ್ನು ಆಳುತ್ತಿದ್ದ, ಇಟಲಿಯ ಬಂದರು ನಗರವಾದ ಜಿನೋವಾದವರು ತೀರದುದ್ದಕ್ಕೂ ಕಾವಲು ಗೋಪುರಗಳನ್ನು ಕಟ್ಟಿಸಿದರು. ಪೋರ್ತೊ, ಗಿರೊಲಾಟಾ ಮತ್ತು ಕಾಪು ರೊಸ್ಸು ಭೂಶಿರದಲ್ಲಿ ಅವು ಇಂದಿಗೂ ನಿಂತಿವೆ. ಹೆಸರಾಂತ ಕಡಲ ದಾಳಿಕಾರ ದ್ರಾಗುತ್ ಜಿನೋವಾದವರ ಕೈಗೆ ಸೆರೆ ಸಿಕ್ಕಿದ್ದು 1540ರಲ್ಲಿ, ಇದೇ ಗಿರೊಲಾಟಾ ಕೊಲ್ಲಿಯಲ್ಲಿ. ಮುಂದೆ ಕಡಲ್ಗಳ್ಳರ ಭಯ ಹೋದ ಮೇಲೂ ತಗ್ಗು ಪ್ರದೇಶಗಳಲ್ಲಿ ಮಲೇರಿಯಾ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ದುಡಿಯುವ ವಯಸ್ಸಿನವರು ಯುದ್ಧಕ್ಕೂ ಹೊರನಾಡಿನ ನೌಕರಿಗೂ ಹೋದರು, ಮೆಟ್ಟಿಲು ಹೊಲಗಳು ಪಾಳುಬಿದ್ದವು, ಮಂದೆಗಳು ಕಡಿಮೆಯಾದವು, ಕುರುಚಲು ಕಾಡು ಆ ಜಾಗವನ್ನೆಲ್ಲ ಮರಳಿ ಆವರಿಸಿತು. ಆದ್ದರಿಂದ ಇಂದು ನಾವು ನೋಡುವ ಕಾಡಿಗೆ ಜನ ತೆರವು ಮಾಡಿದ ನೆಲದ ಚರಿತ್ರೆಯಿದೆ, ಪೊದೆಗಳ ನಡುವೆ ಹುಡುಕಿದರೆ ಕಲ್ಲಿನ ಒಡ್ಡುಗಳು ಕಣ್ಣಿಗೆ ಬೀಳುತ್ತವೆ. ಇದಕ್ಕೆಲ್ಲ ಮಿಗಿಲಾಗಿ ಈ ತೀರವನ್ನು ಕಾಪಾಡಿದ್ದು ಅದರ ದುರ್ಗಮತೆ. ಸ್ಕಂದೋಲಾಕ್ಕೆ ಇಂದಿಗೂ ರಸ್ತೆಯಿಲ್ಲ.

ಬಂಡೆಗಳಿಗೆ ಆ ಕೆಂಪು ಬಣ್ಣ ಎಲ್ಲಿಂದ ಬಂತು? ಅವುಗಳಲ್ಲಿನ ಪೊಟರೆಗಳನ್ನು ಯಾರು ಕೊರೆದರು?

ಇಲ್ಲಿ ಎರಡು ಬಗೆಯ ಕಲ್ಲುಗಳಿವೆ. ಸ್ಕಂದೋಲಾ ಹಳೆಯ ಜ್ವಾಲಾಮುಖಿಯೊಂದರ ಅವಶೇಷ. ಸುಮಾರು 25 ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿದ ರಯೋಲೈಟ್ ಶಿಲೆ ಅಲ್ಲಿನದು. ಲಾವಾ ತಣಿದು ಕುಗ್ಗುವಾಗ ಸೀಳಿಕೊಂಡು ಕಂಬಗಳಾದ ಕಡೆಗಳೂ ಇವೆ. ಮಲ್ಪೆಯಾಚೆಗಿನ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಒತ್ತಾಗಿ ನಿಲ್ಲಿಸಿದಂತಿರುವ ಶಿಲಾಸ್ತಂಭಗಳನ್ನು ನೋಡಿದವರಿಗೆ ಆ ಆಕಾರ ಪರಿಚಿತವೆನಿಸುತ್ತದೆ, ಏಕೆಂದರೆ ಎರಡೂ ಕಡೆ ನಡೆದದ್ದು ಒಂದೇ ಬಗೆಯ ಕ್ರಿಯೆ; ಕಾಲ ಮಾತ್ರ ಬೇರೆ. ದಕ್ಷಿಣಕ್ಕಿರುವ ಪಿಯಾನಾದ ಬಂಡೆಗಳು ಗ್ರಾನೈಟ್. ಕಲ್ಲಿನೊಳಗಿನ ಖನಿಜಗಳ ಕಬ್ಬಿಣ ತುಕ್ಕು ಹಿಡಿದು ಗುಲಾಬಿಯಿಂದ ಇಟ್ಟಿಗೆ ಕೆಂಪಿನವರೆಗೆ ಬಣ್ಣ ಕೊಟ್ಟಿದೆ, ಸಂಜೆಯ ಓರೆ ಬಿಸಿಲಿನಲ್ಲಿ ಅದು ಇನ್ನಷ್ಟು ಗಾಢವಾಗುತ್ತದೆ.

ಪೊಟರೆಗಳನ್ನು ಕೊರೆದದ್ದು ಉಪ್ಪು ಮತ್ತು ತೇವ. ಅಲ್ಲಿನವರು ಅವುಗಳನ್ನು ತಫೋನಿ ಎನ್ನುತ್ತಾರೆ. ಕಡಲಗಾಳಿ ಹೊತ್ತು ತಂದ ಉಪ್ಪುನೀರು ಕಲ್ಲಿನ ರಂಧ್ರಗಳಿಗೆ ಇಳಿದು, ನೀರು ಆರಿದಾಗ ಹರಳುಗಟ್ಟಿ, ಕಲ್ಲಿನ ಕಣಗಳನ್ನು ಒಂದೊಂದಾಗಿ ಸಡಿಲಿಸುತ್ತದೆ. ಒಮ್ಮೆ ಚಿಕ್ಕ ಕುಳಿಯಾಯಿತೆಂದರೆ ಒಳಗಿನ ನೆರಳಿನಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುವುದರಿಂದ ಕೊರೆತವೂ ಒಳಮುಖವಾಗಿಯೇ ಸಾಗುತ್ತದೆ. ಹೊರಗಿನ ಚಿಪ್ಪು ಗಟ್ಟಿಯಾಗಿಯೇ ಉಳಿದು, ಕಲ್ಲು ಟೊಳ್ಳಾಗುತ್ತದೆ. ಅಂಥ ಪೊಟರೆಯ ಗೋಡೆಯನ್ನು ಅಂಗೈಯಿಂದ ಸವರಿದರೆ ಬೆರಳಿಗೆ ಒರಟು ಮರಳು ಅಂಟಿಕೊಳ್ಳುತ್ತದೆ.

ಬೆಟ್ಟದ ಮೈಯನ್ನು ಮುಚ್ಚಿರುವ ಕುರುಚಲು ಕಾಡಿನಲ್ಲಿ ಏನೇನಿದೆ?

ಮಾಕಿ ಎಂದು ಕರೆಯುವ ಈ ಕಾಡು ಒಬ್ಬಾಳು ಎತ್ತರದಿಂದ ಎರಡಾಳು ಎತ್ತರದವರೆಗೆ, ನುಗ್ಗಿ ಹೋಗಲಾರದಷ್ಟು ದಟ್ಟವಾಗಿ ಹೆಣೆದುಕೊಂಡಿರುತ್ತದೆ. ಮರದ ಹೀದರ್, ಕೆಂಪು ಹಣ್ಣಿನ ಅರ್ಬ್ಯೂಟಸ್, ಬಿಳಿ ಮತ್ತು ನಸುಗೆಂಪು ಹೂವಿನ ಸಿಸ್ಟಸ್, ಕಾಡು ಲ್ಯಾವೆಂಡರ್, ರೋಸ್‌ಮೇರಿ, ನಡುನಡುವೆ ಆಲಿವ್ ಮತ್ತು ಹೋಮ್ ಓಕ್ ಮರಗಳು. ನಮ್ಮ ಕಡೆಯ ಗಿಡಗಳ ದೂರದ ನಂಟರೂ ಇಲ್ಲಿದ್ದಾರೆ: ಮಿರ್ಟಲ್ ನೇರಳೆಯ ಕುಟುಂಬಕ್ಕೆ ಸೇರಿದ್ದು, ಲೆಂಟಿಸ್ಕ್ ಎಂಬ ಅಂಟು ಒಸರುವ ಪೊದೆ ಪಿಸ್ತಾದ ಹತ್ತಿರದ ಬಂಧು, ಹಾಗಾಗಿ ಮಾವು ಗೇರುಗಳ ಕುಟುಂಬದ್ದೇ. ಅರ್ಬ್ಯೂಟಸ್ ಗಿಡದಲ್ಲಿ ಶರತ್ಕಾಲದಲ್ಲಿ ಹೂವೂ ಹಣ್ಣೂ ಒಟ್ಟಿಗೆ ಕಾಣಿಸುತ್ತವೆ, ಏಕೆಂದರೆ ಹಿಂದಿನ ವರ್ಷದ ಹೂವು ಹಣ್ಣಾಗಲು ಸುಮಾರು ಒಂದು ವರ್ಷ ಹಿಡಿಯುತ್ತದೆ.

ಈ ಗಿಡಗಳ ಎಲೆಗಳು ಚಿಕ್ಕವು, ದಪ್ಪ, ಮೇಣ ಸವರಿದಂಥವು ಅಥವಾ ರೋಮದಿಂದ ಕೂಡಿದಂಥವು. ನೀರು ಆವಿಯಾಗುವುದನ್ನು ತಡೆಯಲು ಈ ಏರ್ಪಾಡು. ಹಲವು ಗಿಡಗಳು ಸುಗಂಧ ತೈಲವನ್ನು ಸ್ರವಿಸುತ್ತವೆ. ಮೇಕೆ ಮತ್ತು ಕೀಟಗಳಿಗೆ ಅದು ರುಚಿಸುವುದಿಲ್ಲ. ಮನುಷ್ಯರಿಗೆ ಮಾತ್ರ ಬೇಸಿಗೆಯ ಮಧ್ಯಾಹ್ನ ಇಡೀ ಗುಡ್ಡವೇ ಘಮಘಮಿಸುತ್ತದೆ. ಸಣ್ಣ ಹಳದಿ ಹೂಗೊಂಚಲಿನ ಹೆಲಿಕ್ರಿಸಮ್ ಗಿಡವನ್ನು ಬೆರಳಲ್ಲಿ ಉಜ್ಜಿದರೆ ಮಸಾಲೆ ಪುಡಿಯನ್ನು ಹೋಲುವ ವಾಸನೆ ಬರುತ್ತದೆ, ಕೊಯ್ದು ಎಷ್ಟೋ ದಿನಗಳಾದರೂ ಹೂವಿನ ಬಣ್ಣ ಮಾಸುವುದಿಲ್ಲ.

ಹೋಗಲು ಯಾವ ತಿಂಗಳು ಒಳ್ಳೆಯದು?

ನಮ್ಮ ಮುಂಗಾರಿನ ಲೆಕ್ಕಾಚಾರ ಇಲ್ಲಿ ತಲೆಕೆಳಗಾಗುತ್ತದೆ. ಕರ್ನಾಟಕದಲ್ಲಿ ಮಳೆ ಸುರಿಯುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಕಾರ್ಸಿಕಾದ ಒಣ ತಿಂಗಳುಗಳು; ಮಳೆ ಬೀಳುವುದು ಮುಖ್ಯವಾಗಿ ಶರತ್ಕಾಲ ಮತ್ತು ಚಳಿಗಾಲದಲ್ಲಿ. ಗಿಡಗಳು ಹೊಸದಾಗಿ ಚಿಗುರಿ ಹೂವಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಹೂವು, ಹಕ್ಕಿ, ನಡಿಗೆ ಈ ಮೂರೂ ಬೇಕೆನ್ನುವವರು ಮೇ ತಿಂಗಳನ್ನೂ, ಬೆಚ್ಚಗಿನ ನೀರು ಬೇಕೆನ್ನುವವರು ಸೆಪ್ಟೆಂಬರನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ಆಗಸ್ಟ್ ತಿಂಗಳನ್ನು ಬಿಟ್ಟುಬಿಡಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ: ರಸ್ತೆಗಳು ಕಿರಿದು, ಜನ ಬಹಳ, ಕಡಲಲ್ಲಿ ದೋಣಿಗಳು ಇನ್ನೂ ಬಹಳ. ಹವಾಮಾನ ಸೌಮ್ಯವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 2022ರ ಆಗಸ್ಟ್ 18ರ ಬೆಳಿಗ್ಗೆ ಹಠಾತ್ತನೆ ಎದ್ದ ಬಿರುಗಾಳಿ ಪೋರ್ತೊ ಸಮೀಪದ ಮರಿಞಾನಾದಲ್ಲಿ ಗಂಟೆಗೆ ಸುಮಾರು 225 ಕಿ.ಮೀ. ವೇಗ ಮುಟ್ಟಿತು, ದ್ವೀಪದಲ್ಲಿ 5 ಜನ ಪ್ರಾಣ ಕಳೆದುಕೊಂಡರು.

ಸ್ಕಂದೋಲಾ ಎಂದರೆ ಆಸ್ಪ್ರೇ ಹಕ್ಕಿ ಎನ್ನುತ್ತಾರಲ್ಲ, ಏನದರ ವಿಶೇಷ?

ಆಸ್ಪ್ರೇ ಹೆಚ್ಚುಕಡಿಮೆ ಮೀನನ್ನೇ ತಿಂದು ಬದುಕುವ ಬೇಟೆ ಹಕ್ಕಿ. ಬೆನ್ನು ಕಂದು, ಹೊಟ್ಟೆ ಬಿಳಿ, ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ. ಕರ್ನಾಟಕದ ಜಲಾಶಯಗಳಿಗೂ ಅಳಿವೆಗಳಿಗೂ ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿ ಇದೇ ಆದ್ದರಿಂದ ಕಬಿನಿ ಹಿನ್ನೀರಿನಲ್ಲಿ ಒಣಮರದ ತುದಿಗೆ ಕೂತ ಆಸ್ಪ್ರೇಯನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಕಾರ್ಸಿಕಾದಲ್ಲಿ ಅದು ಮರಿ ಮಾಡುತ್ತದೆ, ಅದೂ ಮರದ ಮೇಲಲ್ಲ, ಕಡಲಿನಿಂದ ಮೇಲೆದ್ದ ಕಲ್ಲಿನ ಕೋಡುಗಳ ತುದಿಯಲ್ಲಿ. ವರ್ಷ ವರ್ಷವೂ ಕಡ್ಡಿ ಸೇರಿಸುತ್ತ ಹೋಗುವುದರಿಂದ ಹಳೆಯ ಗೂಡುಗಳು ಬಲು ದೊಡ್ಡವಾಗಿ ಬೆಳೆದಿರುತ್ತವೆ.

ಬೇಟೆಯನ್ನು ನೋಡುವ ಅದೃಷ್ಟ ಸಿಕ್ಕರೆ ಪಾದಗಳನ್ನು ಗಮನಿಸಿ. ನೀರಿನ ಮೇಲೆ ಒಂದು ಕ್ಷಣ ರೆಕ್ಕೆ ಬಡಿಯುತ್ತ ನಿಂತು, ಪಾದಗಳನ್ನು ಮುಂಚಾಚಿ ಧುಮುಕುತ್ತದೆ. ಅದರ ಹೊರಬೆರಳು ಹಿಂದಕ್ಕೂ ತಿರುಗುವುದರಿಂದ ಎರಡು ಬೆರಳು ಮುಂದೆ, ಎರಡು ಹಿಂದೆ ಮಾಡಿ ಮೀನನ್ನು ಹಿಡಿಯಬಲ್ಲದು. ಅಂಗಾಲಿನಲ್ಲಿರುವ ಮುಳ್ಳಿನಂಥ ಹುರುಪೆಗಳು ಜಾರುವ ಮೈಯನ್ನು ಬಿಗಿಯುತ್ತವೆ. ಮೇಲೆದ್ದ ಕೂಡಲೇ ಮೈ ಕೊಡವಿ ನೀರು ಸಿಡಿಸಿ, ಮೀನಿನ ತಲೆ ಮುಂದಕ್ಕೆ ಬರುವಂತೆ ತಿರುಗಿಸಿ ಹಿಡಿದುಕೊಂಡು ಗೂಡಿನತ್ತ ಸಾಗುತ್ತದೆ.

1974ರ ಹೊತ್ತಿಗೆ ಇಡೀ ಕಾರ್ಸಿಕಾದಲ್ಲಿ ಉಳಿದಿದ್ದುದು ಮೂರೇ ಜೋಡಿ. ಗುಂಡಿಟ್ಟು ಕೊಲ್ಲುವುದು ನಿಂತು, ಮೀಸಲು ಪ್ರದೇಶದ ಕಾವಲು ದೊರೆತ ಮೇಲೆ ಆ ಸಂಖ್ಯೆ ಸುಮಾರು 30 ಜೋಡಿಗಳಿಗೆ ಏರಿತು. ಬೇರೆ ನಾಡಿಗೆ ಮರಿ ಕೊಡುವಷ್ಟು ಚೇತರಿಕೆ ಅದು. 2006ರಿಂದ ಕೆಲವು ವರ್ಷ ಇಲ್ಲಿನ ಮರಿಗಳನ್ನು ಇಟಲಿಯ ಟಸ್ಕನಿ ಪ್ರಾಂತ್ಯದ ಮಾರೆಮ್ಮಾ ಉದ್ಯಾನಕ್ಕೆ ಒಯ್ದು ಬೆಳೆಸಿ ಬಿಟ್ಟರು. 2011ರಲ್ಲಿ ಅಲ್ಲಿ ಮೊದಲ ಬಾರಿಗೆ ಗೂಡು ಕಟ್ಟಿ ಮರಿ ಮಾಡಿದವು. ಇಟಲಿಯಲ್ಲಿ ಗೂಡು ಕಟ್ಟುವ ಆಸ್ಪ್ರೇ ಇಲ್ಲವಾಗಿ ದಶಕಗಳೇ ಕಳೆದಿದ್ದವು.

ಹಾಗಾದರೆ ಈಗ ಆಸ್ಪ್ರೇಗಳು ಕ್ಷೇಮವೇ? ದೋಣಿಯಲ್ಲಿ ಹೋಗಿ ನೋಡಿದರೆ ಅವುಗಳಿಗೆ ತೊಂದರೆಯೇ?

ಕ್ಷೇಮವೆಂದು ಹೇಳಲಾರೆ. ತೊಂದರೆಯೇ ಎಂಬ ಪ್ರಶ್ನೆಗೆ ಉತ್ತರ ಹೌದು. ಇದನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ತೀರದ ಇಂದಿನ ಮುಖ್ಯ ಸಮಸ್ಯೆ ಇದರಲ್ಲಿದೆ.

ರಸ್ತೆಯಿಲ್ಲದ ಸ್ಕಂದೋಲಾಕ್ಕೆ ಜನ ಬರುವುದು ಕಡಲ ಹಾದಿಯಲ್ಲಿ. ಪೋರ್ತೊ, ಕಾರ್ಜೆಸ್, ಗಲೇರಿಯಾ, ಕಾಲ್ವಿ, ಅಜಾಕ್ಸಿಯೋಗಳಿಂದ ಪ್ರವಾಸಿ ದೋಣಿಗಳು ಹೊರಡುತ್ತವೆ. ಖಾಸಗಿ ಮತ್ತು ಬಾಡಿಗೆ ದೋಣಿಗಳು ಬೇರೆ. ಆಸ್ಪ್ರೇ ಮೊಟ್ಟೆಯಿಡುವುದು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ, ಮರಿಗಳು ಹಾರಲು ಕಲಿಯುವುದು ಜೂನ್ ಕೊನೆಯಿಂದ ಜುಲೈವರೆಗೆ. ಪ್ರವಾಸದ ಕಾಲ ಏರುವುದೂ ಅದೇ ತಿಂಗಳುಗಳಲ್ಲಿ. ಗಂಡು ಹಕ್ಕಿ ಮೀನು ತರುತ್ತದೆ, ಹೆಣ್ಣು ಗೂಡಿನಲ್ಲಿ ಕೂತು ಮರಿಗಳಿಗೆ ಬಿಸಿಲು ತಾಗದಂತೆ ರೆಕ್ಕೆಯ ನೆರಳು ಹಿಡಿಯುತ್ತದೆ. ದೋಣಿ ಬಂಡೆಯ ಬುಡಕ್ಕೆ ಬಂದಾಗ ಹೆಣ್ಣು ಎದ್ದು ನಿಂತು ಕೂಗುತ್ತದೆ, ಹಲವು ವೇಳೆ ಹಾರಿಹೋಗುತ್ತದೆ. ಮರಿ ಬಿಸಿಲಿಗೆ ಬೀಳುತ್ತದೆ. ಗಂಡು ಮೀನು ಹಿಡಿದು ಬಂದರೂ ಗೂಡಿಗೆ ಇಳಿಯದೆ ಸುತ್ತುತ್ತಲೇ ಇರುತ್ತದೆ.

ಸಂಶೋಧಕರು ದೀರ್ಘಕಾಲದ ದಾಖಲೆಗಳನ್ನಿಟ್ಟುಕೊಂಡು ಮೀಸಲು ಪ್ರದೇಶದ ಒಳಗಿನ ಮತ್ತು ಹೊರಗಿನ ಗೂಡುಗಳನ್ನು ಹೋಲಿಸಿ ನೋಡಿದ್ದಾರೆ. ಮೀನು ಹೆಚ್ಚಿದ್ದದ್ದು ಒಳಗೆ. ಆದರೂ ಮರಿ ಬೆಳೆಸುವುದರಲ್ಲಿ ಹಿಂದೆ ಬಿದ್ದದ್ದೂ ಒಳಗಿನ ಹಕ್ಕಿಗಳೇ. ದೋಣಿ ಸಂಚಾರ ಹೆಚ್ಚಿದ್ದ ಕಡೆ ಗೂಡಿಗೆ ಬರುವ ಮೀನು ಕಡಿಮೆಯಾಗಿತ್ತು, ಮರಿಗಳ ಗರಿಗಳಲ್ಲಿ ಒತ್ತಡದ ಹಾರ್ಮೋನಿನ ಪ್ರಮಾಣ ಹೆಚ್ಚಾಗಿತ್ತು. ಹಕ್ಕಿ ಉಳಿಯಲೆಂದು ಮೀಸಲಿಟ್ಟ ಜಾಗದಲ್ಲೇ ಹಕ್ಕಿಯ ಸಂತಾನ ಸೊರಗಿತು ಎನ್ನುವುದು ನನ್ನನ್ನು ಈ ತೀರದ ಬೇರಾವ ಸಂಗತಿಗಿಂತ ಹೆಚ್ಚಾಗಿ ಕಾಡುತ್ತದೆ. 1985ರಿಂದ ಸ್ಕಂದೋಲಾಕ್ಕಿದ್ದ ಯುರೋಪ್ ಕೌನ್ಸಿಲ್‌ನ ಸಂರಕ್ಷಿತ ಪ್ರದೇಶಗಳ ಡಿಪ್ಲೊಮಾ ಎಂಬ ಮಾನ್ಯತೆ 2020ರಲ್ಲಿ ಕೈತಪ್ಪಿತು; ಪ್ರವಾಸಿಗಳ ಒತ್ತಡವೇ ಅದಕ್ಕೆ ಮುಖ್ಯ ಕಾರಣ. ಈಚಿನ ವರ್ಷಗಳಲ್ಲಿ ಮರಿ ಮಾಡುವ ಕಾಲಕ್ಕೆ ಗೂಡುಗಳ ಸುತ್ತ 250 ಮೀಟರ್ ಜಾಗಕ್ಕೆ ದೋಣಿ ಹೋಗದಂತೆ ಮಾಡುವ ಕ್ರಮ ಜಾರಿಗೆ ಬಂದಿದೆ. ಸರಿಯಾದ ಹೆಜ್ಜೆಯೇ, ಆದರೆ ತಡವಾಗಿ ಇಟ್ಟದ್ದು.

ಬೇರೆ ಯಾವ ಹಕ್ಕಿಗಳನ್ನು ನೋಡಬಹುದು?

ಬಂಡೆಗಳಲ್ಲಿ ಪೆರೆಗ್ರಿನ್ ಫಾಲ್ಕನ್, ನೀರಂಚಿನ ಕಲ್ಲುಗಳ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ಶ್ಯಾಗ್ ಎಂಬ ನೀರುಕಾಗೆ, ಸಂಜೆ ಮುಗಿಲಲ್ಲಿ ಕಿರುಚುತ್ತ ಸುತ್ತುವ ಬಾನಾಡಿಗಳು (ಸ್ವಿಫ್ಟ್). ಇಲ್ಲಿನ ಬಿಳಿಹೊಟ್ಟೆಯ ಆಲ್ಪೈನ್ ಬಾನಾಡಿ ಜೋಗದ ಜಲಪಾತದ ಬಂಡೆಗಳಲ್ಲೂ ನೆಲೆಸಿರುವ ಹಕ್ಕಿ. ದ್ವೀಪದ ದಕ್ಷಿಣ ತುದಿಯ ಲಾವೆಜ್ಜಿ ನಡುಗಡ್ಡೆಗಳಲ್ಲಿ ಸ್ಕೋಪೊಲಿ ಶಿಯರ್‌ವಾಟರ್‌ಗಳು ಬಿಲಗಳಲ್ಲಿ ಗೂಡು ಮಾಡುತ್ತವೆ. ಅವು ದಡಕ್ಕೆ ಬರುವುದು ಕತ್ತಲಾದ ಮೇಲೆ. ತೀರದಿಂದ ಒಂದೆರಡು ಗಂಟೆ ಮೇಲಕ್ಕೆ ಹೋದರೆ ಐತೋನಿನ ಲಾರಿಸಿಯೋ ಪೈನ್ ಕಾಡು. ಜಗತ್ತಿನಲ್ಲಿ ಕಾರ್ಸಿಕಾವನ್ನು ಬಿಟ್ಟು ಬೇರೆಲ್ಲೂ ಇಲ್ಲದ ಕಾರ್ಸಿಕನ್ ನಟ್‌ಹ್ಯಾಚ್ ಇರುವುದು ಇಂಥ ಕಾಡುಗಳಲ್ಲೇ. ಮರದ ಕಾಂಡದ ಮೇಲೆ ತಲೆಕೆಳಗಾಗಿಯೂ ಓಡಾಡುವ ಈ ಪುಟ್ಟ ಹಕ್ಕಿ ವಿಜ್ಞಾನಕ್ಕೆ ಪರಿಚಯವಾದದ್ದು 1880ರ ದಶಕದಲ್ಲಿ. ಹಳೆಯ ಪೈನ್ ಮರಗಳ ಕೊಳೆತ ಕಾಂಡದಲ್ಲಿ ಅದು ಗೂಡು ಕೊರೆಯುವುದರಿಂದ, ಒಣಗಿದ ಮರವೆಂದು ಕಡಿದು ಹಾಕಿದರೆ ಅದರ ಮನೆಯೇ ಹೋದಂತೆ.

ನೀರಿನಡಿಯಲ್ಲಿ ಕಾಣುವ ಹಸಿರು ಹುಲ್ಲುಗಾವಲು ಪಾಚಿಯೇ?

ಅಲ್ಲ. ಅದು ಪೊಸಿಡೋನಿಯಾ ಓಶಿಯಾನಿಕಾ. ಬೇರು, ಕಾಂಡ, ಎಲೆ, ಹೂವು, ಕಾಯಿ ಎಲ್ಲವೂ ಇರುವ ಪೂರ್ಣ ಪ್ರಮಾಣದ ಹೂಬಿಡುವ ಸಸ್ಯ. ಮೆಡಿಟರೇನಿಯನ್ ಬಿಟ್ಟರೆ ಬೇರೆ ಸಮುದ್ರದಲ್ಲಿ ಇಲ್ಲ. ಪಟ್ಟಿಯಂಥ ಎಲೆಗಳು ಒಂದು ಮೀಟರ್‌ವರೆಗೆ ಉದ್ದವಾಗುತ್ತವೆ, ನೀರು ತಿಳಿಯಾಗಿರುವ ಕಡೆ ಸುಮಾರು 40 ಮೀಟರ್ ಆಳದವರೆಗೂ ಬೆಳೆಯುತ್ತದೆ. ಶರತ್ಕಾಲದಲ್ಲಿ ಹೂವಾಗಿ, ಆಲಿವ್ ಕಾಯಿಯಷ್ಟು ದೊಡ್ಡ ಹಣ್ಣು ಬಿಟ್ಟು, ಅದು ಬಿಡಿಸಿಕೊಂಡು ನೀರಿನ ಮೇಲೆ ತೇಲಿಹೋಗುತ್ತದೆ.

ಇದರ ಬೆಳವಣಿಗೆಯ ನಿಧಾನವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನೆಲದಲ್ಲಿ ಹರಡುವ ಕಾಂಡ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಮುಂದೆ ಸಾಗುತ್ತದೆ. ಸತ್ತ ಕಾಂಡ, ಬೇರು, ಸಿಕ್ಕಿಕೊಂಡ ಮರಳು ಇವೆಲ್ಲ ಸೇರಿ ತಳದಲ್ಲಿ ದಪ್ಪ ಹಾಸು ಕಟ್ಟುತ್ತದೆ. ಅದು ಒಂದು ಮೀಟರ್ ಏರಲು ಸುಮಾರು ನೂರು ವರ್ಷ ಬೇಕು. ಆ ಹಾಸಿನೊಳಗೆ ಇಂಗಾಲ ಸಾವಿರಾರು ವರ್ಷ ಹುದುಗಿರುತ್ತದೆ. ಮೀನು ಮರಿಗಳಿಗೆ ಆಸರೆ, ಅಲೆಗಳಿಗೆ ತಡೆ, ನೀರಿಗೆ ಆಮ್ಲಜನಕ, ಎಲ್ಲವೂ ಇದರಿಂದ. ಇಂಥದರ ಮೇಲೆ ದೊಡ್ಡ ವಿಹಾರನೌಕೆಯೊಂದು ಲಂಗರು ಹಾಕಿ, ಗಾಳಿಗೆ ತಿರುಗುತ್ತ ಸರಪಳಿ ಎಳೆದಾಡಿದರೆ ಒಂದು ಮಧ್ಯಾಹ್ನದಲ್ಲಿ ಕಿತ್ತುಹೋದದ್ದು ಒಂದು ಮನುಷ್ಯ ಜೀವಿತದಲ್ಲಿ ಮರಳಿ ಬರುವುದಿಲ್ಲ. ಫ್ರಾನ್ಸಿನಲ್ಲಿ 1988ರಿಂದ ಈ ಸಸ್ಯಕ್ಕೆ ಕಾನೂನಿನ ರಕ್ಷಣೆಯಿದೆ. 2019ರ ಬಳಿಕ ಬಂದ ಆದೇಶಗಳು 24 ಮೀಟರ್‌ಗಿಂತ ಉದ್ದದ ನೌಕೆಗಳು ಪೊಸಿಡೋನಿಯಾ ಇರುವಲ್ಲಿ ಲಂಗರು ಹಾಕುವುದನ್ನು ನಿಷೇಧಿಸಿವೆ. ಸಣ್ಣ ದೋಣಿಯವರಿಗೂ ವಿವೇಕ ಬೇಕು: ನೀರಿನಡಿ ಬಿಳಿ ಮರಳು ಕಾಣುವಲ್ಲಿ ಮಾತ್ರ ಲಂಗರು ಬಿಡಬೇಕು, ಕಪ್ಪಾಗಿ ಕಾಣುವಲ್ಲಿ ಬಿಡಬಾರದು.

ದಡದಲ್ಲಿ ರಾಶಿ ಬಿದ್ದಿರುವ ಕಂದು ಎಲೆಗಳನ್ನು ಏಕೆ ತೆಗೆಯುವುದಿಲ್ಲ?

ಅವು ಪೊಸಿಡೋನಿಯಾದ ಉದುರಿದ ಎಲೆಗಳು. ಕೊಳಕಿನ ಗುರುತಲ್ಲ, ಹತ್ತಿರದಲ್ಲೇ ಆರೋಗ್ಯವಂತ ಹುಲ್ಲುಗಾವಲಿದೆ ಎಂಬುದರ ಗುರುತು. ಚಳಿಗಾಲದ ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋಗದಂತೆ ಈ ರಾಶಿಗಳೇ ತಡೆಯುತ್ತವೆ. ಯಂತ್ರ ಹಚ್ಚಿ ಬಾಚಿ ತೆಗೆದರೆ ಎಲೆಯ ಜೊತೆಗೆ ಮರಳೂ ಹೋಗಿ ದಡವೇ ಕರಗುತ್ತದೆ.

ನೀರಂಚಿನ ಬಂಡೆಗೆ ಅಂಟಿಕೊಂಡ ನಸುಗೆಂಪು ಕಟ್ಟೆ ಏನು?

ಲಿಥೊಫಿಲಮ್ ಎಂಬ ಸುಣ್ಣಗಟ್ಟುವ ಪಾಚಿ ಕಟ್ಟಿದ ಅಂಚು ಅದು. ಅಲೆ ಬಡಿಯುವ ಮಟ್ಟಕ್ಕೆ ಸರಿಯಾಗಿ, ಗಟ್ಟಿಯಾದ ಸಣ್ಣ ಸಣ್ಣ ಹಾಳೆಗಳು ಒಂದಕ್ಕೊಂದು ಒತ್ತಿಕೊಂಡು ಬೆಳೆಯುತ್ತವೆ. ಸತ್ತ ಪದರದ ಮೇಲೆ ಹೊಸ ಪದರ ಬಂದು ಕೊನೆಗೆ ಬಂಡೆಯಿಂದ ಹೊರಚಾಚಿದ ಕಟ್ಟೆಯಾಗುತ್ತದೆ. ಸ್ಕಂದೋಲಾದ ಕಾಲಾ ಲಿಟಿಜಿಯಾದಲ್ಲಿರುವ ಕಟ್ಟೆ ಮೆಡಿಟರೇನಿಯನ್ನಿನಲ್ಲಿಯೇ ಹೆಸರಾದದ್ದು. ಕೆಲವೆಡೆ ಅದರ ಅಗಲ ಸುಮಾರು 2 ಮೀಟರ್. ಇಂಥದು ಬೆಳೆಯಲು ಶತಮಾನಗಳು ಬೇಕು, ಕಡಲ ಮಟ್ಟವೂ ಆ ಶತಮಾನಗಳುದ್ದಕ್ಕೂ ಹೆಚ್ಚು ಕದಲದೆ ಇರಬೇಕು. ಹಿಂದಿನ ಕಾಲದ ಕಡಲ ಮಟ್ಟವನ್ನು ಓದಲು ವಿಜ್ಞಾನಿಗಳಿಗೆ ಇದು ನೆರವಾಗುವುದು ಆ ಕಾರಣಕ್ಕೇ. ಈಗ ಕಡಲು ಏರುತ್ತಿರುವ ವೇಗಕ್ಕೆ ಪಾಚಿ ಹೆಜ್ಜೆ ಹಾಕಲಾರದೆ ಮುಳುಗುವ ಅಪಾಯವಿದೆ. ದಯವಿಟ್ಟು ಅದರ ಮೇಲೆ ಕಾಲಿಡಬೇಡಿ. ನೋಡಲು ಕಲ್ಲಿನಂತಿದ್ದರೂ ಅದು ಜೀವವಿರುವ ಕಟ್ಟೆ.

ಮೀನುಗಳ ಸ್ಥಿತಿ ಹೇಗಿದೆ?

ರಕ್ಷಣೆ ಕೊಟ್ಟರೆ ಕಡಲು ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂಬುದಕ್ಕೆ ಕಂದು ಗ್ರೂಪರ್ ಸಾಕ್ಷಿ. ಒಂದು ಮೀಟರ್ ಮೀರಿ ಬೆಳೆಯುವ ಈ ದಪ್ಪತುಟಿಯ ಮೀನು ಮೊದಲು ಹೆಣ್ಣಾಗಿದ್ದು, ವಯಸ್ಸಾದ ಮೇಲೆ ಗಂಡಾಗುತ್ತದೆ. ದೊಡ್ಡ ಮೀನನ್ನೇ ಆರಿಸಿ ಹೊಡೆಯುವ ಈಟಿ ಬೇಟೆಗಾರರಿಂದ ಗಂಡುಗಳೇ ಇಲ್ಲವಾಗುವ ಪರಿಸ್ಥಿತಿ ಬಂದಿತ್ತು. 1993ರಲ್ಲಿ ಫ್ರಾನ್ಸಿನ ಮೆಡಿಟರೇನಿಯನ್ ತೀರದಲ್ಲಿ ಗ್ರೂಪರನ್ನು ಈಟಿಯಿಂದ ಬೇಟೆಯಾಡುವುದನ್ನು ನಿಷೇಧಿಸಿದ ನಂತರ ಅದು ಮರಳಿ ಕಾಣಿಸಿಕೊಂಡಿತು. ಸ್ಕಂದೋಲಾ ಅಂಚಿನಲ್ಲಿ ಮುಖವಾಡ ತೊಟ್ಟು ನೀರಿಗಿಳಿದವರಿಗೆ ಅದರ ಸಂಕೋಚವಿಲ್ಲದ ನೋಟ ಎದುರಾಗುವುದುಂಟು.

ಎಲ್ಲ ಜೀವಿಗಳ ಕಥೆ ಹೀಗಿಲ್ಲ. ಬೀಸಣಿಗೆಯಂತೆ ನೆಟ್ಟಗೆ ನಿಲ್ಲುವ ಪಿನ್ನಾ ನೊಬಿಲಿಸ್ ಎಂಬ ಭಾರಿ ಚಿಪ್ಪುಜೀವಿ, ಮೆಡಿಟರೇನಿಯನ್ನಿನ ಅತಿ ದೊಡ್ಡ ಕಪ್ಪೆಚಿಪ್ಪು, 2016ರಿಂದ ಹಬ್ಬಿದ ಪರಾವಲಂಬಿ ರೋಗಕ್ಕೆ ಸಿಕ್ಕಿ ಕಡಲಿನ ಬಹುಭಾಗದಲ್ಲಿ ಸತ್ತುಹೋಯಿತು. ಕೆಂಪು ಗೊರ್ಗೋನಿಯನ್‌ಗಳು, ಅಂದರೆ ಬಂಡೆಯ ನೆರಳಲ್ಲಿ ಬೆಳೆಯುವ ಮೃದು ಹವಳದ ಪೊದೆಗಳು, 1999, 2003 ಮತ್ತು 2022ರ ಬೇಸಿಗೆಗಳಲ್ಲಿ ನೀರು ಕಾದಾಗ ವಾಯವ್ಯ ಮೆಡಿಟರೇನಿಯನ್ನಿನ ಹಲವೆಡೆ ಸಾಮೂಹಿಕವಾಗಿ ಸತ್ತವು. ಮೀಸಲು ಪ್ರದೇಶದ ಗಡಿ ದೋಣಿಯನ್ನು ತಡೆಯಬಹುದು, ಬಿಸಿಯನ್ನು ತಡೆಯಲಾರದು.

ತಿಮಿಂಗಿಲ, ಡಾಲ್ಫಿನ್, ಸೀಲ್‌ಗಳು ಕಾಣಸಿಗುತ್ತವೆಯೇ?

ಬಾಟಲ್‌ನೋಸ್ ಡಾಲ್ಫಿನ್‌ಗಳು ದಡದ ಹತ್ತಿರವೇ ಸುಳಿದಾಡುತ್ತವೆ. ಆಳ ಸಮುದ್ರದಲ್ಲಿ ಫಿನ್ ತಿಮಿಂಗಿಲ ಮತ್ತು ಸ್ಪರ್ಮ್ ತಿಮಿಂಗಿಲಗಳಿವೆ. ಫ್ರಾನ್ಸ್, ಇಟಲಿ, ಮೊನಾಕೊ 1999ರಲ್ಲಿ ಒಪ್ಪಂದ ಮಾಡಿಕೊಂಡು, 2002ರಲ್ಲಿ ಜಾರಿಗೆ ತಂದ ಪೆಲಾಗೋಸ್ ಅಭಯಧಾಮ ಸುಮಾರು 87,500 ಚದರ ಕಿ.ಮೀ. ವಿಸ್ತಾರದ್ದು, ಕಾರ್ಸಿಕಾ ಅದರೊಳಗೇ ಬರುತ್ತದೆ. ಅಲ್ಲಿ ತಿಮಿಂಗಿಲಗಳಿಗಿರುವ ದೊಡ್ಡ ಅಪಾಯ ವೇಗದ ಹಡಗುಗಳಿಗೆ ಡಿಕ್ಕಿಯಾಗುವುದು. ಮಾಂಕ್ ಸೀಲ್ ಮಾತ್ರ ಸಿಗುವುದಿಲ್ಲ. ಈ ತೀರದ ಕಡಲ ಗುಹೆಗಳಲ್ಲಿ ಮರಿ ಹಾಕುತ್ತಿದ್ದ ಅದು, ಬಲೆ ಹರಿಯುತ್ತದೆಂದು ಬೆಸ್ತರಿಂದ ಹತವಾಗುತ್ತ 1970ರ ದಶಕದ ಹೊತ್ತಿಗೆ ಕಾರ್ಸಿಕಾದಿಂದ ಮರೆಯಾಯಿತು. ಗ್ರೀಸ್ ಮತ್ತು ಟರ್ಕಿಯ ತೀರಗಳಲ್ಲಿ ಅದರ ಸಂತತಿ ಈಗ ಚೇತರಿಸಿಕೊಳ್ಳುತ್ತಿದೆ. ಗುಹೆಗಳು ಇಲ್ಲಿ ಹಾಗೆಯೇ ಇವೆ, ಆದರೆ ಬೇಸಿಗೆಯಲ್ಲಿ ಅವುಗಳೊಳಗೆ ದೋಣಿಗಳು ನುಗ್ಗುತ್ತಿರುವಷ್ಟು ಕಾಲ ಸೀಲ್ ಮರಳುವುದು ಕಷ್ಟ.

ಕಾಡಿನಲ್ಲಿ ಅಪಾಯಕಾರಿ ಪ್ರಾಣಿಗಳಿವೆಯೇ?

ವಿಷದ ಹಾವಿನ ಭಯವಿಲ್ಲ. ಕಾರ್ಸಿಕಾದಲ್ಲಿ ವೈಪರ್ ಜಾತಿಯ ಹಾವುಗಳಿಲ್ಲ. ಕಾಡುಹಂದಿಗಳು ಮತ್ತು ಹಳ್ಳಿಗರು ಮೇಯಲು ಬಿಟ್ಟ ಹಂದಿಗಳು ಧಾರಾಳವಾಗಿವೆ, ಮರಿಗಳ ಜೊತೆಗಿರುವಾಗ ಹತ್ತಿರ ಹೋಗದಿದ್ದರೆ ಸಾಕು. ಮೇಲಿನ ಬೆಟ್ಟಗಳಲ್ಲಿ ಮುಫ್ಲನ್ ಎಂಬ ಕಾಡುಕುರಿ ಇದೆ. ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ದ್ವೀಪಕ್ಕೆ ತಂದ ಕುರಿಗಳು ಕಾಡುಪಾಲಾಗಿ ಉಂಟಾದ ಸಂತತಿ ಅದು. ನಿಜವಾದ ಅಪಾಯಗಳು ಬಿಸಿಲು, ನೀರಿನ ಕೊರತೆ ಮತ್ತು ಬೆಂಕಿ.

ಕಾಳ್ಗಿಚ್ಚಿನ ಬಗ್ಗೆ ಏನು ತಿಳಿದಿರಬೇಕು?

ಮಾಕಿಯ ಗಿಡಗಳಲ್ಲಿರುವ ಎಣ್ಣೆ ಒಣಗಾಳಿಯಲ್ಲಿ ಬಲು ಬೇಗ ಹೊತ್ತಿಕೊಳ್ಳುತ್ತದೆ. ಅರ್ಬ್ಯೂಟಸ್ ಮತ್ತು ಹೀದರ್ ಬುಡದಿಂದ ಮತ್ತೆ ಚಿಗುರುತ್ತವೆ, ಸಿಸ್ಟಸ್ ಬೀಜಗಳು ಬಿಸಿ ತಾಗಿದ ಮೇಲೆಯೇ ಚೆನ್ನಾಗಿ ಮೊಳೆಯುತ್ತವೆ. ಆದ್ದರಿಂದ ಅಪರೂಪಕ್ಕೊಮ್ಮೆ ಬರುವ ಬೆಂಕಿಯನ್ನು ಈ ಕಾಡು ತಾಳಿಕೊಳ್ಳುತ್ತದೆ. ಪದೇ ಪದೇ ಬಂದರೆ ಮಣ್ಣು ಕೊಚ್ಚಿಹೋಗಿ ಬರೀ ಕಲ್ಲು ಉಳಿಯುತ್ತದೆ. ಬಹುಪಾಲು ಬೆಂಕಿಗೆ ಕಾರಣ ಮನುಷ್ಯರೇ. ಗಾಳಿಯ ದಿನಗಳಲ್ಲಿ ಕೆಲವು ಕಾಡುಗಳ ಪ್ರವೇಶ ನಿಲ್ಲಿಸುತ್ತಾರೆ. ಹೊರಡುವ ಮುನ್ನ ಆ ದಿನದ ಸೂಚನೆಯನ್ನು ವಿಚಾರಿಸಿಕೊಳ್ಳಿ.

ಗಿರೊಲಾಟಾಕ್ಕೆ ನಡೆದು ಹೋಗಬಹುದೇ?

ಹೋಗಬಹುದು, ಹಾಗೆಯೇ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಈ ಪುಟ್ಟ ಊರಿಗೆ ಮೋಟಾರು ರಸ್ತೆಯಿಲ್ಲ. ಪೋರ್ತೊದಿಂದ ಗಲೇರಿಯಾಕ್ಕೆ ಹೋಗುವ ಡಿ 81 ರಸ್ತೆಯಲ್ಲಿರುವ ಬೊಕ್ಕಾ ಅ ಕ್ರೋಚೆ ಕಣಿವೆಬಾಗಿಲಿನಿಂದ ಕಾಲುದಾರಿ ಹೊರಡುತ್ತದೆ. ಸುಮಾರು ಒಂದೂವರೆ ಗಂಟೆಯ ಇಳಿಜಾರು, ನಡುವೆ ತುವಾರಾ ಎಂಬ ಕಲ್ಲುಗುಂಡುಗಳ ದಡ. ಮರಳುವಾಗ ಏರು ಇರುವುದರಿಂದ ಬೆಳಿಗ್ಗೆ ಬೇಗ ಹೊರಟು, ನೀರು ಸಾಕಷ್ಟು ಒಯ್ಯಿರಿ. ಹಲವು ದಿನ ನಡೆಯುವ ಉತ್ಸಾಹವಿದ್ದವರಿಗೆ ಕಾಲೆಂಜಾನಾದಿಂದ ಕಾರ್ಜೆಸ್‌ವರೆಗಿನ ಮಾರೆ ಎ ಮೊಂತಿ ಹಾದಿ ಇದೇ ಊರಿನ ಮೂಲಕ ಸಾಗುತ್ತದೆ.

ಭಾರತದಿಂದ ಹೋಗುವವರಿಗೆ ಏನು ಬೇಕು? ದೋಣಿಯನ್ನು ಆರಿಸುವಾಗ ಏನು ಕೇಳಬೇಕು?

ಕಾರ್ಸಿಕಾ ಫ್ರಾನ್ಸಿನ ಭಾಗವಾದ್ದರಿಂದ ಷೆಂಗೆನ್ ವೀಸಾ ಸಾಕು. ನೀಸ್, ತುಲಾನ್, ಮಾರ್ಸೇಲ್ ಬಂದರುಗಳಿಂದ ಹಡಗಿದೆ. ಅಜಾಕ್ಸಿಯೋ ಮತ್ತು ಕಾಲ್ವಿಗೆ ವಿಮಾನವಿದೆ.

ಕಡಲಿನಿಂದ ನೋಡಲೇಬೇಕೆಂದಿದ್ದರೆ ಟಿಕೆಟ್ ಕೊಳ್ಳುವ ಮುನ್ನ ಮೂರು ಮಾತು ಕೇಳಿ. ಆಸ್ಪ್ರೇ ಗೂಡಿನಿಂದ ಎಷ್ಟು ದೂರ ನಿಲ್ಲುತ್ತೀರಿ, ಗುಹೆಗಳೊಳಗೆ ದೋಣಿ ಒಯ್ಯುತ್ತೀರಾ, ಮೀಸಲು ಪ್ರದೇಶದೊಳಗೆ ಎಂಜಿನ್ ವೇಗ ತಗ್ಗಿಸುತ್ತೀರಾ. ಹತ್ತಿರ ಹೋಗಿ ತೋರಿಸುತ್ತೇವೆ ಎಂದು ಹೆಮ್ಮೆಯಿಂದ ಹೇಳುವವರನ್ನು ಬಿಟ್ಟು, ದೂರದಿಂದಲೇ ತೋರಿಸುತ್ತೇವೆ ಎನ್ನುವವರ ಜೊತೆ ಹೋಗಿ. ಒಂದು ಒಳ್ಳೆಯ ದುರ್ಬೀನು ಜೊತೆಗಿರಲಿ. ಮೀಸಲು ಪ್ರದೇಶದಲ್ಲಿ ಬೇಟೆ, ಹವ್ಯಾಸಿ ಮೀನುಗಾರಿಕೆ, ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು, ತಂಗುವುದು, ಗಿಡ ಅಥವಾ ಕಲ್ಲನ್ನು ತೆಗೆಯುವುದು ಇವಾವುದಕ್ಕೂ ಅನುಮತಿಯಿಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ಬರುವವರು ಪಿಯಾನಾ ಮತ್ತು ಕಾಪು ರೊಸ್ಸು ಕಡೆಯ ಕಾಲುದಾರಿಗಳನ್ನೇ ಆರಿಸಿಕೊಂಡು, ಸ್ಕಂದೋಲಾ ದೋಣಿಯಾನವನ್ನು ಸೆಪ್ಟೆಂಬರಿಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಆ ಹೊತ್ತಿಗೆ ಆ ವರ್ಷದ ಮರಿಗಳು ಗೂಡು ಬಿಟ್ಟಿರುತ್ತವೆ.